ಶಬ್ದಪರೀಕ್ಷೆಯ ಶಿಕ್ಷಣಕ್ರಮ

ರೋಗಿಯ ಶರೀರದೊಳಗಿನ ಅವಸ್ಥೆಯನ್ನು ಹೊರಗಿನಿಂದಲೇ ಅರಿಯುವ ವಿದ್ಯೆಯು ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದೆಂಬುದು ವಿದ್ವಜ್ಜನರಿಗೆ ವಿದಿತವಾಗಿಯೇ ಇದೆ. ಆದರೆ ಆ ವಿದ್ಯೆಯನ್ನು ಗುರುವು ಶಿಷ್ಯನಿಗೆ ಹೇಗೆ ಕಲಿಸುತ್ತಿದ್ದನು, ಕಲಿತವನಿಗೆ ಅದನ್ನು ಪ್ರಯೋಗಿಸುವ ಅಧಿಕಾರವು ಯಾರಿಂದ ಬರುತ್ತಿತ್ತು ಎಂಬ ಎರಡು ಪ್ರಶ್ನೆಗಳ ಕಡೆಗೆ ನಾವು ಸಾಕಷ್ಟು ಗಮನ ಕೊಟ್ಟಿಲ್ಲ. ಈ ಪ್ರಶ್ನೆಗಳು ನನ್ನ ಮನಸ್ಸಿನಲ್ಲಿ ಎದ್ದದ್ದು ಗ್ರಂಥಾವಲೋಕನದಿಂದಲ್ಲ. ಮನೆಯ ಜಗಲಿಯಲ್ಲಿ ನಡೆದ ಒಂದು ಮಾತಿನಿಂದ.

ಕೊಪ್ಪ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಹುಟ್ಟಿ ಬೆಳೆದ ನನ್ನ ತಮ್ಮನ ಮಗಳು ದೇಹದೊಳಗಿನ ಚಿತ್ರಗಳನ್ನು ತೆಗೆಯುವ ತಂತ್ರವಿದ್ಯೆಯಲ್ಲಿ ಪದವಿ ಪಡೆದವಳು. ರಜೆಗೆ ಬಂದಿದ್ದಾಗ ಅವಳು ಹೇಳಿದಳು: “ದೊಡ್ಡಪ್ಪ, ಪರದೆಯ ಮೇಲೆ ಕಾಣುವುದನ್ನೆಲ್ಲ ನಂಬಬಾರದು ಅಂತ ನಮಗೆ ಮೊದಲ ತಿಂಗಳಲ್ಲೇ ಹೇಳಿಕೊಟ್ಟರು. ನೀವು ತರ್ಕಶಾಸ್ತ್ರದಲ್ಲಿ ಹೇಳುತ್ತೀರಲ್ಲ, ಅದು ಪ್ರತ್ಯಕ್ಷವೋ ಅನುಮಾನವೋ?” ಶೃಂಗೇರಿಯ ಪರಿಸರದಲ್ಲಿ ಸಂಸ್ಕೃತಪಾಠಶಾಲೆಯ ಮಣೆಯ ಮೇಲೆ ಕುಳಿತು ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದ ನಾನು ಆ ದಿನ ಒಡನೆ ಉತ್ತರ ಕೊಡಲಾರದೆ ಹೋದೆನು. ಆ ಉತ್ತರದ ಶೋಧವೇ ಈ ಲೇಖನ. ಇದರಲ್ಲಿ ವೈದ್ಯೋಪದೇಶವೇನೂ ಇಲ್ಲ; ವೈದ್ಯಶಾಸ್ತ್ರಗ್ರಂಥಗಳನ್ನು ವ್ಯಾಕರಣ ತರ್ಕಗಳ ಕಣ್ಣಿನಿಂದ ಓದಿದವನ ವಿಚಾರ ಮಾತ್ರವಿದೆ.

ಜನರು ‘ಸ್ಕ್ಯಾನಿಂಗ್’ ಎನ್ನುವ, ನಮ್ಮ ಪಠ್ಯಪುಸ್ತಕಗಳು ‘ಶ್ರವಣಾತೀತ ಧ್ವನಿ’ಯ ಪರೀಕ್ಷೆ ಎನ್ನುವ ಈ ಕ್ರಮದಲ್ಲಿ ಕಣ್ಣಿಗೆ ಕಾಣುವುದು ಚಿತ್ರವಾದರೂ ಅದರ ಮೂಲವು ಶಬ್ದವೇ. ಆದಕಾರಣ ಶಬ್ದದಿಂದಲೇ ಆರಂಭಿಸುವುದು ಉಚಿತ. ಚರಕಸಂಹಿತೆಯ ವಿಮಾನಸ್ಥಾನದ ನಾಲ್ಕನೆಯ ಅಧ್ಯಾಯವು ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ ಎಂಬ ಮೂರು ಸಾಧನಗಳಿಂದ ರೋಗವನ್ನು ಅರಿಯಬೇಕೆಂದು ವಿಧಿಸುತ್ತದೆ. ಅಲ್ಲಿ ವೈದ್ಯನು ಕಿವಿಯಿಂದ ಪರೀಕ್ಷಿಸತಕ್ಕ ವಿಷಯಗಳಲ್ಲಿ ಕರುಳಿನ ಗುಡುಗುಡು ಶಬ್ದ, ಸಂಧಿಗಳ ಮತ್ತು ಬೆರಳುಗೆಣ್ಣುಗಳ ಸಿಡಿತ, ಸ್ವರಭೇದಗಳು, ಹಾಗೂ ಶರೀರದಲ್ಲಿ ಉಂಟಾಗುವ ಇತರ ಶಬ್ದಗಳು ಸೇರಿವೆ. ರಸನೇಂದ್ರಿಯವೊಂದನ್ನು ಮಾತ್ರ ಆಚಾರ್ಯನು ಬಿಟ್ಟಿದ್ದಾನೆ; ರೋಗಿಯ ಶರೀರದ ರುಚಿಯನ್ನು ನೊಣಗಳು ಮುತ್ತುವುದೇ ಮೊದಲಾದ ಲಕ್ಷಣಗಳಿಂದ ಊಹಿಸಬೇಕೆಂದು ಹೇಳಿದ್ದಾನೆ. ಸುಶ್ರುತನು ಐದು ಇಂದ್ರಿಯಗಳಿಗೆ ಪ್ರಶ್ನವನ್ನು ಆರನೆಯದಾಗಿ ಸೇರಿಸಿದನು. ರೋಗಿಯನ್ನು ಕೇಳಿ ತಿಳಿಯುವುದೂ ಒಂದು ಪರೀಕ್ಷೆಯೆಂಬ ಈ ಮಾತು, ಯಂತ್ರವೇ ಎಲ್ಲವನ್ನೂ ಹೇಳಿಬಿಡುತ್ತದೆಂಬ ಭ್ರಮೆಯಿರುವ ಈ ಕಾಲದಲ್ಲಿಯೂ ನೆನಪಿಡತಕ್ಕದ್ದು.

ಇವು ಶರೀರವು ತಾನಾಗಿ ಮಾಡುವ ಶಬ್ದಗಳು. ವೈದ್ಯನು ತಟ್ಟಿ ಎಬ್ಬಿಸುವ ಶಬ್ದದ ಪ್ರಸ್ತಾಪವೂ ನಮ್ಮ ಗ್ರಂಥಗಳಲ್ಲಿ ಉಂಟು. ಉದರರೋಗಗಳ ಲಕ್ಷಣವನ್ನು ಹೇಳುವಲ್ಲಿ, ವಾತೋದರದಲ್ಲಿ ಹೊಟ್ಟೆಯನ್ನು ತಟ್ಟಿದರೆ ಗಾಳಿ ತುಂಬಿದ ತೊಗಲಚೀಲದಂತೆ ಸದ್ದಾಗುವುದೆಂದೂ, ಜಲೋದರದಲ್ಲಿ ನೀರು ತುಂಬಿದ ಚೀಲದಂತೆ ಅದು ಕಲಕಿ ಕಂಪಿಸಿ ಸದ್ದುಮಾಡುವುದೆಂದೂ ಮಾಧವನಿದಾನದಲ್ಲಿ ಸ್ಪಷ್ಟವಾಗಿ ಹೇಳಿದೆ. ಯೂರೋಪಿನಲ್ಲಿ ಇಂತಹ ತಾಡನಪರೀಕ್ಷೆಯನ್ನು ಶಾಸ್ತ್ರವಾಗಿ ನಿರೂಪಿಸಿದವನು ವಿಯೆನ್ನಾ ನಗರದ ವೈದ್ಯ ಅವೆನ್‌ಬ್ರುಗ್ಗರ್. ಅವನ ಗ್ರಂಥವು ೧೭೬೧ರಲ್ಲಿ ಪ್ರಕಟವಾಯಿತು. ಅವನ ತಂದೆ ಗ್ರಾಟ್ಸ್ ಎಂಬ ಊರಿನಲ್ಲಿ ವಸತಿಗೃಹವನ್ನು ನಡೆಸುತ್ತಿದ್ದನು. ದ್ರಾಕ್ಷಾರಸದ ಪೀಪಾಯಿಯನ್ನು ತಟ್ಟಿ ಒಳಗೆ ಎಷ್ಟು ಉಳಿದಿದೆಯೆಂದು ತಿಳಿಯುವುದನ್ನು ಮಗನು ಬಾಲ್ಯದಲ್ಲಿಯೇ ಕಂಡಿದ್ದನೆಂದು ಹೇಳುವರು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಹಲಸಿನ ಹಣ್ಣನ್ನು ಬೆರಳಿನಿಂದ ತಟ್ಟಿ ಒಳಗೆ ತೊಳೆ ಬಲಿತಿದೆಯೋ ಇಲ್ಲವೋ ಎಂದು ಹೇಳದ ಹೆಂಗಸು ನಮ್ಮ ಸೀಮೆಯಲ್ಲಿ ಅಪರೂಪ. ಅವೆನ್‌ಬ್ರುಗ್ಗರನ ಗ್ರಂಥವು ಬಹುಕಾಲ ಯಾರ ಕಣ್ಣಿಗೂ ಬೀಳದೆ ಇದ್ದು, ೧೮೦೮ರಲ್ಲಿ ಕೋರ್ವಿಸಾರ್ ಎಂಬಾತನು ಫ್ರೆಂಚ್ ಭಾಷೆಗೆ ಪರಿವರ್ತಿಸಿದ ಮೇಲೆ ಪ್ರಸಿದ್ಧಿಗೆ ಬಂದಿತು. ೧೮೧೬ರಲ್ಲಿ ಪ್ಯಾರಿಸ್ ನಗರದ ಲೆನೆಕ್ ಎಂಬ ವೈದ್ಯನು ಕಾಗದದ ಸುರುಳಿಯನ್ನು ರೋಗಿಯ ಎದೆಗಿಟ್ಟು ಆಲಿಸಿದನು. ಸ್ಟೆತಾಸ್ಕೋಪಿನ ಆದಿ ಅದೇ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಮಾಧವಕರನು ಹೊಟ್ಟೆಯನ್ನು ತಟ್ಟುವ ಮಾತನ್ನು ಬರೆದನೆಂದು, ಋಷಿಗಳಿಗೆ ಶ್ರವಣಾತೀತ ಧ್ವನಿಯ ಯಂತ್ರವೂ ತಿಳಿದಿತ್ತೆಂದು ಘೋಷಿಸುವವರು ಈಚೆಗೆ ಹೆಚ್ಚುತ್ತಿದ್ದಾರೆ. ಇದು ಪ್ರಾಚೀನರಿಗೆ ಗೌರವವಲ್ಲ. ಇದ್ದುದನ್ನು ಇದ್ದಂತೆ ಹೇಳುವುದೇ ಗೌರವ. ತಟ್ಟಿದಾಗ ಕಿವಿಗೆ ಕೇಳುವ ಶಬ್ದದ ಗುಣವನ್ನು ಅವರು ಗ್ರಹಿಸಿದರು. ಒಳಗೆ ಹೋದ ಶಬ್ದವು ಮರಳಿ ಬರಲು ಹಿಡಿದ ಕಾಲವನ್ನು ಅಳೆದು ದೂರವನ್ನು ನಿರ್ಣಯಿಸುವ ಆಲೋಚನೆಯು ಆ ಗ್ರಂಥಗಳಲ್ಲಿ ಎಲ್ಲಿಯೂ ತೋರುವುದಿಲ್ಲ. ನಾಡೀಪರೀಕ್ಷೆಯ ವಿಷಯದಲ್ಲಿಯೂ ಹೀಗೆಯೇ. ಅದು ಅನಾದಿಯೆಂದು ನಂಬುವವರು ಅನೇಕರಿದ್ದರೂ, ಚರಕ ಸುಶ್ರುತರಲ್ಲಿ ಅದರ ವಿಧಿಯಿಲ್ಲ. ಬಹುಕಾಲದ ಮೇಲೆ ಬಂದ ಶಾರ್ಙ್ಗಧರಸಂಹಿತೆಯಲ್ಲಿ ಹಾವು, ಕಪ್ಪೆ, ಹಂಸ ಮೊದಲಾದ ಪ್ರಾಣಿಗಳ ಗತಿಯ ಉಪಮೆಗಳೊಡನೆ ಅದು ಕಾಣಿಸಿಕೊಳ್ಳುತ್ತದೆ. ಯೋಗರತ್ನಾಕರದ ಅಷ್ಟಸ್ಥಾನಪರೀಕ್ಷೆಯಲ್ಲಿ ನಾಡಿಗೆ ಮೊದಲ ಸ್ಥಾನ ದೊರೆತಿದೆ. ಅದೇ ಎಂಟರಲ್ಲಿ ಶಬ್ದವೂ ಒಂದು. ವಿದ್ಯೆಯು ಕಾಲಕಾಲಕ್ಕೆ ಬೆಳೆದದ್ದೆಂದು ಒಪ್ಪಿದರೆ ಯಾರಿಗೂ ಹಾನಿಯಿಲ್ಲ. ಕನ್ನಡದಲ್ಲಿಯೂ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಕೀರ್ತಿವರ್ಮನ ಗೋವೈದ್ಯ, ಮಂಗರಾಜನ ಖಗೇಂದ್ರಮಣಿದರ್ಪಣ ಮುಂತಾದ ಗ್ರಂಥಗಳು ಆಯಾ ಕಾಲದಲ್ಲಿ ಹೊಸ ಅನುಭವವನ್ನು ಸೇರಿಸಿಕೊಂಡೇ ಹುಟ್ಟಿದವು.

ಇನ್ನು ಶಿಕ್ಷಣದ ವಿಷಯ. ಇದರಲ್ಲಿ ಸುಶ್ರುತನಷ್ಟು ಸ್ಪಷ್ಟವಾಗಿ ಮಾತನಾಡಿದವರು ಮತ್ತೊಬ್ಬರಿಲ್ಲವೆಂದು ನನ್ನ ಅಭಿಪ್ರಾಯ. ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯಕ್ಕೆ ಯೋಗ್ಯಾಸೂತ್ರೀಯವೆಂದು ಹೆಸರು. ‘ಯೋಗ್ಯಾ’ ಎಂದರೆ ಇಲ್ಲಿ ಅರ್ಹತೆಯಲ್ಲ, ಕೈಯ ಅಭ್ಯಾಸ. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದ ಶಿಷ್ಯನಿಂದಲೂ ಗುರುವು ಈ ಅಭ್ಯಾಸವನ್ನು ಮಾಡಿಸತಕ್ಕದ್ದು. ಕತ್ತರಿಸುವುದನ್ನು ಬೂದುಗುಂಬಳ, ಸೋರೆ, ಕಲ್ಲಂಗಡಿ, ಸೌತೆಗಳ ಮೇಲೆ. ಭೇದಿಸುವುದನ್ನು ನೀರು ಕೆಸರು ತುಂಬಿದ ತೊಗಲಚೀಲದ ಮೇಲೆ. ಕೆರೆಯುವುದನ್ನು ಕೂದಲಿರುವ ಚರ್ಮದ ಮೇಲೆ. ಸಿರೆಯನ್ನು ಚುಚ್ಚುವುದನ್ನು ಸತ್ತ ಪಶುವಿನ ಸಿರೆ ಮತ್ತು ನೈದಿಲೆಯ ದಂಟಿನ ಮೇಲೆ. ಒಳಗೆ ಶಲಾಕೆಯನ್ನಿಟ್ಟು ಶೋಧಿಸುವುದನ್ನು ಹುಳು ತಿಂದ ಮರ, ಬಿದಿರು, ಒಣಸೋರೆಗಳ ಬಾಯಲ್ಲಿ. ಒಳಗಿನದನ್ನು ಹೊರಗೆ ಎಳೆಯುವುದನ್ನು ಹಲಸು, ತೊಂಡೆ, ಬಿಲ್ವಗಳ ತಿರುಳಿನಲ್ಲಿ. ಹೊಲಿಯುವುದನ್ನು ಬಟ್ಟೆಯ ಅಂಚಿನಲ್ಲಿ. ಪಟ್ಟಿ ಕಟ್ಟುವುದನ್ನು ಪುತ್ಥಳಿಯ ಅಂಗಾಂಗಗಳಲ್ಲಿ. ರೋಗಿಯ ಮೈ ಮುಟ್ಟುವ ಮುನ್ನ ಕೈಯು ಎಷ್ಟು ತರಕಾರಿಗಳನ್ನು ದಾಟಿ ಬರಬೇಕೆಂಬುದನ್ನು ನೋಡಿರಿ! ಶಾರೀರಸ್ಥಾನದ ಐದನೆಯ ಅಧ್ಯಾಯದಲ್ಲಿ ಶವವನ್ನು ಹುಲ್ಲಿನಿಂದ ಸುತ್ತಿ ಪಂಜರದಲ್ಲಿಟ್ಟು ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಆಮೇಲೆ ಲಾವಂಚ, ಕೂದಲು, ಬಿದಿರುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜಿ ಒಳಹೊರಗಿನ ಅಂಗಗಳನ್ನು ಕಣ್ಣಾರೆ ಕಾಣಬೇಕೆಂದಿದೆ.

ಯೋಗ್ಯಾಸೂತ್ರೀಯದ ಮುಂದಿನ ಅಧ್ಯಾಯದ ಮೊದಲಲ್ಲೇ ವೈದ್ಯವೃತ್ತಿಗೆ ಇಳಿಯತಕ್ಕವನ ಲಕ್ಷಣವಿದೆ. ಅವನು ತಂತ್ರವನ್ನು ಓದಿದವನು, ಅದರ ಅರ್ಥವನ್ನು ವಿಚಾರಿಸಿದವನು, ದೃಷ್ಟಕರ್ಮನು, ಕೃತಯೋಗ್ಯನು, ಕಲಿತುದನ್ನು ಬಾಯಿಬಿಟ್ಟು ಹೇಳಬಲ್ಲವನು, ಕೊನೆಗೆ ರಾಜಾನುಜ್ಞಾತನು ಆಗಿರಬೇಕು. ಈ ಆರು ವಿಶೇಷಣಗಳ ಕ್ರಮವನ್ನು ವಾಚಕರು ಲಕ್ಷ್ಯದಲ್ಲಿಡಬೇಕೆಂದು ಪ್ರಾರ್ಥನೆ. ಇತರರು ಮಾಡುವ ಕರ್ಮವನ್ನು ನೋಡಿದವನು ದೃಷ್ಟಕರ್ಮ. ತಾನು ಮಾಡಿ ಅಭ್ಯಾಸ ಮಾಡಿದವನು ಕೃತಯೋಗ್ಯ. ಎರಡೂ ಬೇರೆ ಬೇರೆ. ಇಷ್ಟೆಲ್ಲ ಆದ ಮೇಲೂ ರಾಜನ ಅನುಜ್ಞೆಯಿಲ್ಲದೆ ಬೀದಿಗೆ ಇಳಿಯಕೂಡದು. ಶಾಸ್ತ್ರವೊಂದನ್ನೇ ಬಲ್ಲವನು ರೋಗಿಯ ಮುಂದೆ ಯುದ್ಧರಂಗದ ಹೇಡಿಯಂತೆ ಕಂಗೆಡುವನೆಂದೂ, ಶಾಸ್ತ್ರವಿಲ್ಲದೆ ಕೈಚಳಕವೊಂದನ್ನೇ ಬಲ್ಲವನು ರಾಜದಂಡಕ್ಕೆ ಅರ್ಹನೆಂದೂ, ಇಬ್ಬರೂ ಒಂದೇ ರೆಕ್ಕೆಯ ಹಕ್ಕಿಗಳೆಂದೂ ಸುಶ್ರುತನ ಆಶಯ.

ಈಗ ಪಶ್ಚಿಮದ ಕಥೆಗೆ ಬರೋಣ. ಕತ್ತಲಲ್ಲಿ ಬಾವಲಿಯು ಹೇಗೆ ಹಾರುತ್ತದೆಂಬುದನ್ನು ಇಟಲಿಯ ಸ್ಪಲ್ಲಾಂಜಾನಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಪರೀಕ್ಷಿಸಿದನು. ಕಣ್ಣನ್ನು ಕಟ್ಟಿದರೂ ಹಾರುವ ಬಾವಲಿ ಕಿವಿ ಮುಚ್ಚಿದರೆ ಗೋಡೆಗೆ ಬಡಿಯುತ್ತಿತ್ತು. ೧೮೮೦ರಲ್ಲಿ ಕ್ಯೂರಿ ಸೋದರರು, ಕೆಲವು ಸ್ಫಟಿಕಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂದು ಕಂಡುಹಿಡಿದರು. ವಿದ್ಯುತ್ತನ್ನು ಕೊಟ್ಟರೆ ಅದೇ ಸ್ಫಟಿಕವು ಕಂಪಿಸುವುದು. ಒಂದನೆಯ ಮಹಾಯುದ್ಧದಲ್ಲಿ ಲಾಂಜೆವಿನ್ ಎಂಬ ವಿಜ್ಞಾನಿಯು ನೀರಿನಡಿಯ ಹಡಗುಗಳನ್ನು ಪತ್ತೆ ಮಾಡಲು ಇದನ್ನು ಬಳಸಿದನು. ೧೯೪೨ರಲ್ಲಿ ಡುಸ್ಸಿಕ್ ಎಂಬ ಆಸ್ಟ್ರಿಯಾದ ವೈದ್ಯನು ಮಿದುಳಿನ ಮೇಲೆ ಪ್ರಯೋಗಿಸಿ ಬರೆದನು. ೧೯೫೩ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಎಂಬುವರು ಹೃದಯದ ಚಲನೆಯನ್ನು ಹೀಗೆಯೇ ಗ್ರಹಿಸಿದರು.

ನಮ್ಮ ಪ್ರಕೃತಕ್ಕೆ ಹೆಚ್ಚು ಸಂಬಂಧಪಟ್ಟವನು ಗ್ಲಾಸ್ಗೋ ನಗರದ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್. ಲೋಹದ ತಟ್ಟೆಗಳ ಒಳಗಿನ ಬಿರುಕುಗಳನ್ನು ಧ್ವನಿಯಿಂದ ಪತ್ತೆ ಮಾಡುವ ಯಂತ್ರವು ಸಮೀಪದ ಕಾರ್ಖಾನೆಯೊಂದರಲ್ಲಿ ಇರುವುದನ್ನು ತಿಳಿದ ಆತನು, ೧೯೫೫ರಲ್ಲಿ ಶಸ್ತ್ರಕ್ರಿಯೆಯಿಂದ ಹೊರತೆಗೆದ ಗೆಡ್ಡೆಗಳನ್ನೂ ನೀರುಗುಳ್ಳೆಗಳನ್ನೂ ವಾಹನದಲ್ಲಿಟ್ಟುಕೊಂಡು ಅಲ್ಲಿಗೆ ಹೋದನು. ಹೋಲಿಸಿ ನೋಡುವುದಕ್ಕೆ ಒಂದು ದೊಡ್ಡ ಮಾಂಸದ ತುಂಡನ್ನೂ ಇಟ್ಟಿದ್ದರು. ಗಟ್ಟಿಯಾದ ಗೆಡ್ಡೆಗೂ ನೀರು ತುಂಬಿದ ಗುಳ್ಳೆಗೂ ಪ್ರತಿಧ್ವನಿಯು ಬೇರೆಯಾಗಿಯೇ ಬಂದಿತು. ಸುಶ್ರುತನ ಸೋರೆಕಾಯಿಗೂ ಡೊನಾಲ್ಡನ ಗೆಡ್ಡೆಗೂ ಎರಡು ಸಾವಿರ ವರ್ಷಗಳ ಅಂತರವಿದ್ದರೂ, ಜೀವಂತ ರೋಗಿಯನ್ನು ಮುಟ್ಟುವ ಮೊದಲು ನಿರ್ಜೀವದ ಮೇಲೆ ಕಲಿಯಬೇಕೆಂಬ ಬುದ್ಧಿ ಒಂದೇ. ಆಮೇಲೆ ಟಾಮ್ ಬ್ರೌನ್ ಎಂಬ ತರುಣ ಯಂತ್ರಶಿಲ್ಪಿಯೂ ಮ್ಯಾಕ್‌ವಿಕಾರ್ ಎಂಬ ವೈದ್ಯನೂ ಅವನ ಜೊತೆಗೂಡಿದರು. ಗುಣವಾಗದ ಅರ್ಬುದರೋಗವೆಂದು ಕೈಬಿಟ್ಟಿದ್ದ ಒಬ್ಬ ಸ್ತ್ರೀಯ ಹೊಟ್ಟೆಯಲ್ಲಿರುವುದು ಅಂಡಾಶಯದ ನೀರುಗುಳ್ಳೆಯೆಂದು ಯಂತ್ರವು ತೋರಿಸಿತು; ಅದನ್ನು ತೆಗೆದು ಅವಳನ್ನು ಬದುಕಿಸಿದರು. ಈ ಮೂವರ ಲೇಖನವು ೧೯೫೮ನೆಯ ಜೂನ್ ತಿಂಗಳಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ಯಂತ್ರವು ಮಾಡುವ ಕೆಲಸವನ್ನು ನ್ಯಾಯಶಾಸ್ತ್ರದ ಭಾಷೆಯಲ್ಲಿ ಹೇಳಿದರೆ ನಮ್ಮವರಿಗೆ ಸುಲಭವಾಗಿ ತಿಳಿಯುವುದು. ಶಬ್ದವು ಹರಡುವ ಬಗೆಯನ್ನು ಕುರಿತು ನೈಯಾಯಿಕರಲ್ಲಿ ಎರಡು ಪಕ್ಷಗಳುಂಟು. ಕೊಳದಲ್ಲಿ ಅಲೆಯಿಂದ ಅಲೆ ಹುಟ್ಟುವಂತೆ ಎನ್ನುವುದು ವೀಚೀತರಂಗನ್ಯಾಯ. ಕದಂಬದ ಮೊಗ್ಗು ಸುತ್ತಲೂ ಒಮ್ಮೆಗೇ ಅರಳುವಂತೆ ಎನ್ನುವುದು ಕದಂಬಮುಕುಲನ್ಯಾಯ. ವಿಶ್ವನಾಥನ ಭಾಷಾಪರಿಚ್ಛೇದವನ್ನು ಓದಿದ ಬಾಲಕರೆಲ್ಲರಿಗೂ ಇದು ಗೊತ್ತು. ಶಬ್ದವು ಆಕಾಶದ ಗುಣವೆಂಬುದು ಅವರ ಸಿದ್ಧಾಂತ. ಆದರೆ ಈ ಯಂತ್ರದ ಶಬ್ದಕ್ಕೆ ಬರಿಯ ಅವಕಾಶವು ಸಾಲದು. ನಡುವೆ ಕೂದಲೆಳೆಯಷ್ಟು ಗಾಳಿ ಇದ್ದರೂ ಅದು ಅಲ್ಲಿಯೇ ಮರಳಿಬಿಡುತ್ತದೆ. ಆದುದರಿಂದಲೇ ಚರ್ಮಕ್ಕೆ ತಣ್ಣನೆಯ ಲೋಳೆಯನ್ನು ಬಳಿಯುವರು. ಕೆಳಹೊಟ್ಟೆಯನ್ನು ನೋಡುವಾಗ ನೀರು ಕುಡಿದು ಮೂತ್ರಕೋಶವನ್ನು ತುಂಬಿಕೊಂಡು ಬರಹೇಳುವುದೂ ಗಾಳಿ ತುಂಬಿದ ಕರುಳನ್ನು ದಾರಿಯಿಂದ ಸರಿಸುವುದಕ್ಕೆ.

ಮನುಷ್ಯನ ಕಿವಿಯು ಸೆಕೆಂಡಿಗೆ ೨೦ರಿಂದ ೨೦,೦೦೦ ಕಂಪನಗಳವರೆಗಿನ ಶಬ್ದವನ್ನು ಕೇಳಬಲ್ಲುದು. ಹೊಟ್ಟೆಯ ಪರೀಕ್ಷೆಗೆ ಬಳಸುವ ಧ್ವನಿಯ ಕಂಪನಗಳು ಸುಮಾರು ೨೦ ಲಕ್ಷದಿಂದ ೫೦ ಲಕ್ಷ. ಚರ್ಮದ ಸಮೀಪದ ಅಂಗಗಳಿಗೆ ಇನ್ನೂ ಹೆಚ್ಚು. ಶರೀರದ ಮೃದುಭಾಗದಲ್ಲಿ ಶಬ್ದವು ಸೆಕೆಂಡಿಗೆ ೧,೫೪೦ ಮೀಟರು ಓಡುವುದೆಂದು ಯಂತ್ರವು ಇಟ್ಟುಕೊಂಡಿರುತ್ತದೆ. ಒಂದು ಸೆಂಟಿಮೀಟರು ಆಳಕ್ಕೆ ಹೋಗಿ ಬರಲು ಸೆಕೆಂಡಿನ ಹತ್ತು ಲಕ್ಷದಲ್ಲಿ ೧೩ ಭಾಗದಷ್ಟು ಕಾಲ ಸಾಕು. ಹೋಗಿ ಬಂದ ಕಾಲದಿಂದ ಯಂತ್ರವು ದೂರವನ್ನು ಲೆಕ್ಕಹಾಕಿ ಪರದೆಯ ಮೇಲೆ ಒಂದು ಚುಕ್ಕೆಯನ್ನು ಇಡುತ್ತದೆ. ಬಂದ ಪ್ರತಿಧ್ವನಿಯು ಬಲವಾಗಿದ್ದರೆ ಚುಕ್ಕೆ ಬೆಳ್ಳಗೆ, ಇಲ್ಲದಿದ್ದರೆ ಕಪ್ಪು. ಹೀಗೆ ಸಾವಿರಾರು ಚುಕ್ಕೆಗಳು ಕೂಡಿ ಚಿತ್ರವಾಗುವುದು. ಆದುದರಿಂದ ಪರದೆಯು ಕಣ್ಣಿಗೆ ಪ್ರತ್ಯಕ್ಷವಾದರೂ, ಒಳಗಿನ ಅಂಗವು ಪ್ರತ್ಯಕ್ಷವಲ್ಲ. ಅದು ಅನುಮಾನದ ಫಲ. ಪ್ರತಿಧ್ವನಿಯು ಹೇತು; ಅಂಗವು ಪಕ್ಷ; ಅಲ್ಲಿರುವ ಗೆಡ್ಡೆಯೋ ಕಲ್ಲೋ ಸಾಧ್ಯ. ನನ್ನ ತಮ್ಮನ ಮಗಳ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ ಇದು.

ಅನುಮಾನವೆಂದ ಮೇಲೆ ಹೇತ್ವಾಭಾಸಗಳೂ ಇರಲೇಬೇಕು. ಶಿಷ್ಯರ ಶಿಕ್ಷಣದ ಬಹುಭಾಗ ಇಲ್ಲಿಯೇ ಕಳೆಯುವುದೆಂದು ಅವಳ ಮಾತಿನಿಂದ ತಿಳಿಯಿತು. ಪಿತ್ತಕೋಶದಲ್ಲಿ ಕಲ್ಲಿದ್ದರೆ ಶಬ್ದವು ಅದನ್ನು ದಾಟಲಾರದೆ, ಹಿಂದೆ ಕಪ್ಪಾದ ನೆರಳು ಬೀಳುತ್ತದೆ. ನೆರಳನ್ನು ಕಂಡು ಕಲ್ಲನ್ನು ಊಹಿಸುವುದು ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಿದಂತೆ. ಆದರೆ ಪಕ್ಕದ ಕರುಳಿನೊಳಗಿನ ಗಾಳಿಯೂ ನೆರಳು ಬೀಳಿಸುತ್ತದೆ. ಕೋಶದ ಬಾಗಿದ ಅಂಚಿನಿಂದಲೂ ನೆರಳು ಬರುವುದುಂಟು. ಕಲ್ಲಿಲ್ಲದ ಕಡೆಯಲ್ಲಿಯೂ ಇರುವ ಹೇತುವು ಸವ್ಯಭಿಚಾರವಲ್ಲವೇ? ಇನ್ನೊಂದು ಕಡೆ, ಬಹಳ ಸಣ್ಣ ಕಲ್ಲು ನೆರಳನ್ನೇ ಬೀಳಿಸದೆ ಇರಬಹುದು. ಆಗ ಪರೀಕ್ಷಕನು ರೋಗಿಯನ್ನು ಮಗ್ಗುಲಿಗೆ ಹೊರಳಿಸುತ್ತಾನೆ. ಕಲ್ಲಾದರೆ ಉರುಳಿ ಕೆಳಕ್ಕೆ ಸರಿಯುವುದು. ಗೋಡೆಗೆ ಅಂಟಿ ಬೆಳೆದ ಮಾಂಸವಾದರೆ ಅಲ್ಲಿಯೇ ನಿಲ್ಲುವುದು. ಉಪಾಧಿಯನ್ನು ಕಳೆದು ವ್ಯಾಪ್ತಿಯನ್ನು ಗಟ್ಟಿಮಾಡಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಪಾಠಶಾಲೆಯಲ್ಲಿ ಕೇಳಲಿಲ್ಲ. ವಪೆಯು ಕನ್ನಡಿಯಂತೆ ವರ್ತಿಸಿ ಯಕೃತ್ತಿನ ಬಿಂಬವನ್ನು ಎದೆಯೊಳಗೆ ತೋರಿಸುವುದೂ ಉಂಟು. ಅಲ್ಲಿಲ್ಲದ ವಸ್ತು ಅಲ್ಲಿ ಕಾಣುವುದು. ರಜ್ಜುಸರ್ಪದ ಪಾಠಕ್ಕೆ ನಮ್ಮಲ್ಲಿ ಹಗ್ಗವೇ ಬೇಕೆಂದಿಲ್ಲ. (ಪಿತ್ತಕೋಶದ ಕಲ್ಲನ್ನು ‘ಅಶ್ಮರಿ’ಯೆಂದು ಬರೆಯುವ ಪದ್ಧತಿ ಈಚಿನದು, ಸುಶ್ರುತನ ಅಶ್ಮರಿ ಮೂತ್ರಕೋಶದ್ದು. ಪದವು ಒಂದೇ ಎಂದು ವಸ್ತುವನ್ನೂ ಒಂದೇ ಎನ್ನಬಾರದು.)

ನಾಡಿಯನ್ನು ಹಿಡಿಯುವ ವೈದ್ಯನಿಗೆ ಮೂರು ಬೆರಳುಗಳಿದ್ದರೆ ಸಾಕು. ಇಲ್ಲಿ ಕೈ, ಕಣ್ಣು, ಮನಸ್ಸು ಮೂರೂ ಒಟ್ಟಿಗೆ ದುಡಿಯಬೇಕು. ಬಲಗೈಯಲ್ಲಿ ಹಿಡಿದ ಉಪಕರಣವನ್ನು ಒಂದು ಕೂದಲಿನಷ್ಟು ಓರೆ ಮಾಡಿದರೆ ಪರದೆಯ ಚಿತ್ರವೇ ಬೇರೆಯಾಗುವುದು. ಅಚ್ಚಾದ ಚಿತ್ರವನ್ನು ನೋಡಿ ಹೇಳುವ ಕ್ಷಕಿರಣದ ಹಾಗೆ ಇದಲ್ಲ. ೧೮೯೫ರಲ್ಲಿ ರೋಂಟ್‌ಜನ್ ಕಂಡುಹಿಡಿದ ಆ ಕಿರಣದಲ್ಲಿ ಚಿತ್ರವು ಒಮ್ಮೆ ಮೂಡಿದರೆ ಹತ್ತು ಮಂದಿ ವೈದ್ಯರು ಅದನ್ನೇ ನೋಡಬಹುದು. ಇಲ್ಲಿ ಕೈಯು ಹುಡುಕದಿದ್ದ ಕಡೆಯಲ್ಲಿ ರೋಗವಿದ್ದರೆ ಅದನ್ನು ಆಮೇಲೆ ಯಾರೂ ಕಾಣಲಾರರು. ಆದಕಾರಣ ಈ ವಿದ್ಯೆಯು ಪುಸ್ತಕದಿಂದ ಬರುವುದಲ್ಲ, ಗುರುವಿನ ಪಕ್ಕದಲ್ಲಿ ನಿಂತು ಬರತಕ್ಕದ್ದು. ಅಗರಿನ ಪಾಕದೊಳಗೆ ದ್ರಾಕ್ಷಿಹಣ್ಣುಗಳನ್ನು ಹೂತು ಹೆಪ್ಪುಗಟ್ಟಿಸಿ, ಅದನ್ನೇ ಹೊಟ್ಟೆಯೆಂದು ಭಾವಿಸಿ ತಾನೂ ಗೆಳತಿಯರೂ ಹಣ್ಣುಗಳನ್ನು ಹುಡುಕಿ ಅಳೆಯುತ್ತಿದ್ದೆವೆಂದು ಅವಳು ಹೇಳಿದಾಗ ನಾನು ಎದ್ದುಹೋಗಿ ಸುಶ್ರುತನ ಪುಸ್ತಕವನ್ನು ತಂದು ಯೋಗ್ಯಾಸೂತ್ರೀಯವನ್ನು ಓದಿ ಹೇಳಿದೆನು. ಅವಳು ನಕ್ಕು, “ದೊಡ್ಡಪ್ಪ, ಇವರು ಬೂದುಗುಂಬಳವನ್ನೂ ಬಿಡಲಿಲ್ಲವಲ್ಲ!” ಎಂದಳು.

ಅಮೆರಿಕಾ ದೇಶದಲ್ಲಿ ಈ ಪರೀಕ್ಷೆಯನ್ನು ನಡೆಸುವವರದು ವೈದ್ಯರಿಂದ ಬೇರೆಯಾದ ಒಂದು ವೃತ್ತಿ. ಅವರು ಚಿತ್ರಗಳನ್ನು ತೆಗೆದು ಅಳತೆಗಳನ್ನು ಬರೆದಿಡುವರು. ಅರ್ಥವನ್ನು ನಿರ್ಣಯಿಸಿ ಸಹಿ ಹಾಕುವವನು ವೈದ್ಯ. ಅಂಥವರ ಪರೀಕ್ಷೆ ಮತ್ತು ನೋಂದಣಿಗಾಗಿ ೧೯೭೫ರಲ್ಲಿ ಅಲ್ಲಿ ಪ್ರತ್ಯೇಕವಾದ ಸಂಸ್ಥೆಯೇ ಸ್ಥಾಪಿತವಾಯಿತು. ಧ್ವನಿಯ ಭೌತಶಾಸ್ತ್ರ ಒಂದು ಪರೀಕ್ಷೆ, ಹೊಟ್ಟೆ, ಹೃದಯ, ಪ್ರಸೂತಿ ಮೊದಲಾದ ಶಾಖೆಗಳದು ಬೇರೆ ಪರೀಕ್ಷೆಗಳು. ನಡುವೆ ಆಸ್ಪತ್ರೆಯಲ್ಲಿ ರೋಗಿಗಳ ಮೇಲೆ ಗುರುಗಳ ಎದುರಿನಲ್ಲಿ ದೀರ್ಘಕಾಲದ ಅಭ್ಯಾಸ. ದಿನವೆಲ್ಲ ಕೈಯನ್ನು ಚಾಚಿ ಒತ್ತಿ ಹಿಡಿಯುವುದರಿಂದ ಹೆಗಲು ಮಣಿಕಟ್ಟುಗಳ ನೋವು ಇವರಿಗೆ ವೃತ್ತಿರೋಗದಂತೆ ಅಂಟುವುದಂತೆ. ಆದುದರಿಂದ ನಿಲ್ಲುವ ಕೂರುವ ಬಗೆಯನ್ನೂ ಪಾಠವಾಗಿ ಕಲಿಸುತ್ತಾರೆ.

ನಮ್ಮ ದೇಶದಲ್ಲಿ ರಾಜಾನುಜ್ಞೆಯು ಬೇರೆ ದಾರಿಯನ್ನು ಹಿಡಿಯಿತು. ಅದರ ಕಾರಣವು ನಾಚಿಕೆಗೇಡಿನದು. ಗರ್ಭದಲ್ಲಿರುವುದು ಹೆಣ್ಣೆಂದು ತಿಳಿದು ಅದನ್ನು ತೆಗೆಸುವ ದುಷ್ಟಪದ್ಧತಿಯು ಈ ಯಂತ್ರದ ಹಿಂದೆಯೇ ಹಬ್ಬಿತು. ೧೯೯೧ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ೯೪೫ ಹೆಣ್ಣುಮಕ್ಕಳಿದ್ದರೆ, ೨೦೦೧ರಲ್ಲಿ ಅದು ೯೨೭ಕ್ಕೆ ಇಳಿಯಿತು. ಕರ್ನಾಟಕದಲ್ಲಿ ೨೦೦೧ರಲ್ಲಿ ೯೪೬, ೨೦೧೧ರಲ್ಲಿ ೯೪೮. ೧೯೯೪ರಲ್ಲಿ ಪಾರ್ಲಿಮೆಂಟು ಲಿಂಗಪತ್ತೆಯನ್ನು ನಿಷೇಧಿಸಿ ಶಾಸನ ಮಾಡಿತು. ಅದು ೧೯೯೬ನೆಯ ಜನವರಿ ೧ರಿಂದ ಜಾರಿಗೆ ಬಂದು, ೨೦೦೩ರಲ್ಲಿ ತಿದ್ದುಪಡಿಯಾಗಿ ಬಿಗಿಯಾಯಿತು. ಯಂತ್ರವಿರುವ ಸ್ಥಳವು ನೋಂದಣಿಯಾಗಬೇಕು. ಗರ್ಭವನ್ನು ನೋಡುವವನು ಶಾಸನವು ಹೇಳಿದ ಅರ್ಹತೆಯುಳ್ಳ ವೈದ್ಯನಾಗಿರಬೇಕು. ಪ್ರತಿಯೊಬ್ಬ ಗರ್ಭಿಣಿಯ ಪರೀಕ್ಷೆಗೂ ‘ಫಾರಂ ಎಫ್’ ಎಂಬ ಲೆಕ್ಕಪತ್ರವನ್ನು ತುಂಬಬೇಕು. ೨೦೧೪ರ ನಿಯಮಗಳು ಎಂ.ಬಿ.ಬಿ.ಎಸ್. ವೈದ್ಯರಿಗೂ ಇದಕ್ಕಾಗಿ ಆರು ತಿಂಗಳಲ್ಲಿ ೩೦೦ ಗಂಟೆಗಳ ಶಿಕ್ಷಣವನ್ನು ವಿಧಿಸಿದವು. ೨೦೧೬ರಲ್ಲಿ ದೆಹಲಿಯ ಹೈಕೋರ್ಟು ಇದರ ಕೆಲವು ಭಾಗಗಳನ್ನು ರದ್ದುಮಾಡಿತು. ೨೦೧೮ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು.

ಈ ದೋಷವನ್ನು ಯಂತ್ರದ ಮೇಲೆ ಹೊರಿಸಿ ಪಂಡಿತರು ಕೈ ತೊಳೆದುಕೊಳ್ಳುವಂತಿಲ್ಲ. ಗರ್ಭವು ಗಂಡೋ ಹೆಣ್ಣೋ ಎಂಬ ಜಿಜ್ಞಾಸೆಯು ನಮ್ಮ ಗ್ರಂಥಗಳಲ್ಲಿಯೂ ಇದೆ. ಬಲಸ್ತನದಲ್ಲಿ ಮೊದಲು ಹಾಲು ಕಾಣಿಸಿದರೆ ಗಂಡೆಂಬಂತಹ ಲಕ್ಷಣಗಳನ್ನು ಸುಶ್ರುತನೇ ಹೇಳಿದ್ದಾನೆ. ಪುಂಸವನವಿಧಿಯನ್ನು ಚರಕನು ವಿಸ್ತರಿಸಿದ್ದಾನೆ. ಆ ಲಕ್ಷಣಗಳಿಂದ ಯಾವ ಕೂಸಿಗೂ ಹಾನಿಯಾಗುತ್ತಿರಲ್ಲಿಲ್ಲವೆಂದು ವಾದಿಸಬಹುದು. ಆದರೆ ಆಸೆಯ ಬೇರು ಅಲ್ಲಿತ್ತು. ಯಂತ್ರವು ಅದಕ್ಕೆ ಕೈಯನ್ನು ಒದಗಿಸಿತು. ಇದನ್ನು ಮುಚ್ಚಿಟ್ಟು ಯೋಗ್ಯಾಸೂತ್ರೀಯವನ್ನು ಮಾತ್ರ ಕೊಂಡಾಡುವುದು ಪ್ರಾಮಾಣಿಕತೆಯಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಈ ವಿಚಾರವು ಪುಸ್ತಕದ ವಿಷಯವಾಗಿ ಉಳಿಯುವುದಿಲ್ಲ. ಹಿಂದೆ ಕಡೂರು ಜಿಲ್ಲೆಯೆಂದು ಹೆಸರಿದ್ದ ಈ ಸೀಮೆಯು ಚಳಿಜ್ವರಕ್ಕೆ ಕುಪ್ರಸಿದ್ಧವಾಗಿತ್ತು. ಜ್ವರದಿಂದ ಬೆಳೆದ ಪ್ಲೀಹವನ್ನು ಎಡಪಕ್ಕೆಯ ಕೆಳಗೆ ಬೆರಳೊತ್ತಿ ಗುರುತಿಸುವುದೇ ಆಗಿನ ಪರೀಕ್ಷೆ. ಊರಿನ ಮಕ್ಕಳಲ್ಲಿ ಎಷ್ಟು ಮಂದಿಗೆ ಪ್ಲೀಹವು ಕೈಗೆ ಸಿಗುವುದೆಂದು ಎಣಿಸಿ ಜ್ವರದ ಪ್ರಾಬಲ್ಯವನ್ನು ಅಳೆಯುವ ಕ್ರಮವನ್ನು ಡೆಂಪ್‌ಸ್ಟರ್ ಎಂಬ ವೈದ್ಯನು ೧೮೪೦ರ ದಶಕದಲ್ಲಿ ಉತ್ತರ ಹಿಂದೂಸ್ಥಾನದ ಕಾಲುವೆಗಳ ಬಳಿ ಆರಂಭಿಸಿದ್ದನು. ಕೈಯೇ ಯಂತ್ರವಾಗಿದ್ದ ಕಾಲವದು. ಈಗ ಕೊಪ್ಪದಲ್ಲಿ ಎ. ಎಲ್. ಎನ್. ರಾವ್ ಸ್ಮಾರಕ ಆಯುರ್ವೇದ ಕಾಲೇಜು ಇದೆ. ತುಂಗೆಯ ದಡದ ಶೃಂಗೇರಿಯಲ್ಲಿ ೧೯೯೨ರಿಂದ ಕೇಂದ್ರಸರ್ಕಾರದ ಸಂಸ್ಕೃತ ವಿದ್ಯಾಪರಿಸರವಿದೆ. ಒಂದರಲ್ಲಿ ಚರಕಸುಶ್ರುತರು, ಇನ್ನೊಂದರಲ್ಲಿ ನ್ಯಾಯವ್ಯಾಕರಣಗಳು. ಎರಡಕ್ಕೂ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಇಲ್ಲ. ಅವರವರೊಳಗೆ ಹೇತ್ವಾಭಾಸ ಮತ್ತು ರೋಗಪರೀಕ್ಷೆಗಳನ್ನು ಕೂಡಿಸಿ ಪಾಠ ನಡೆದರೆ ಎಷ್ಟು ಚೆನ್ನಾಗಿತ್ತೆಂದು ನನಗೆ ಅನ್ನಿಸುವುದುಂಟು. ಆಯುರ್ವೇದದ ವಿದ್ಯಾರ್ಥಿಗಳು ಈ ಚಿತ್ರಗಳ ವಿಷಯವನ್ನು ಪಾಠದಲ್ಲಿ ಓದುವರು. ಆದರೆ ಗರ್ಭಪರೀಕ್ಷೆಯ ಅಧಿಕಾರವು ಶಾಸನದ ಪ್ರಕಾರ ಅವರ ಪದವಿಗಿಲ್ಲ. ಅವರು ಅಧೀತತಂತ್ರರು, ದೃಷ್ಟಕರ್ಮರೂ ಆಗಬಹುದು, ರಾಜಾನುಜ್ಞಾತರಲ್ಲ.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ೨೦೨೧ರಲ್ಲಿ ವೈದ್ಯಸಹಾಯಕ ವೃತ್ತಿಗಳಿಗಾಗಿ ಪಾರ್ಲಿಮೆಂಟು ಮಾಡಿದ ಶಾಸನದ ಅನುಸೂಚಿಯಲ್ಲಿ, ಚಿತ್ರತಂತ್ರಜ್ಞರ ವರ್ಗದಲ್ಲಿ ಶ್ರವಣಾತೀತ ಧ್ವನಿಯ ಪರೀಕ್ಷಕರ ಹೆಸರೂ ಸೇರಿದೆ. ಒಂದು ಶಾಸನವು ವೃತ್ತಿಯನ್ನು ಹೆಸರಿಸುವುದು. ಇನ್ನೊಂದು ಶಾಸನವು ಆ ವೃತ್ತಿಯ ಮುಖ್ಯಕರ್ಮವನ್ನು ವೈದ್ಯನಿಗೇ ಮೀಸಲಿಡುವುದು. ಮೀಮಾಂಸಕರಾದರೆ ಉತ್ಸರ್ಗಾಪವಾದನ್ಯಾಯದಿಂದ ಸಾಮರಸ್ಯ ಮಾಡುತ್ತಿದ್ದರು: ಸಾಮಾನ್ಯವಿಧಿಯು ವೃತ್ತಿಗೆ, ವಿಶೇಷನಿಷೇಧವು ಗರ್ಭಕ್ಕೆ. ನಿಷೇಧವು ಇರಬೇಕಾದುದೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅನಧಿಕಾರಕ್ಕೆ ಕಾರಣವು ಅಜ್ಞಾನವಲ್ಲ, ಇತರರ ಪಾಪ ಎಂಬುದನ್ನು ಕಲಿಯುವ ಮಕ್ಕಳಿಗೆ ಯಾರಾದರೂ ಬಿಡಿಸಿ ಹೇಳಬೇಕು. ಯಕೃತ್ತು, ಮೂತ್ರಪಿಂಡ, ಕಂಠಗ್ರಂಥಿಗಳ ಪರೀಕ್ಷೆಗೆ ವೈದ್ಯನ ಮೇಲ್ವಿಚಾರಣೆಯಲ್ಲಿ ಇವರ ಕೈಯನ್ನು ಎಷ್ಟರಮಟ್ಟಿಗೆ ಬಳಸಬಹುದೆಂಬುದೂ, ಘಟ್ಟದ ಮೇಲಿನ ತಾಲ್ಲೂಕುಗಳ ದೃಷ್ಟಿಯಿಂದ, ಬಲ್ಲವರು ವಿಚಾರಿಸತಕ್ಕ ವಿಷಯ.

ನಮ್ಮ ಮನೆಯ ಒಂದು ಸಂಗತಿಯನ್ನು ಇಲ್ಲಿ ಬರೆಯುವುದಕ್ಕೆ ವಾಚಕರ ಕ್ಷಮೆಯನ್ನು ಬೇಡುತ್ತೇನೆ. ೧೯೯೭ರ ಆಷಾಢದಲ್ಲಿ ನನ್ನ ತಮ್ಮನ ಪತ್ನಿಗೆ ಏಳು ತಿಂಗಳು. ಅಲ್ಪಸ್ವಲ್ಪ ರಕ್ತ ಕಂಡಿತೆಂದು, ಸುರಿವ ಮಳೆಯಲ್ಲಿ ಆಗುಂಬೆಯ ಘಟ್ಟವನ್ನು ಇಳಿದು ದೂರದ ಊರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಮಾಸು ಗರ್ಭದ್ವಾರದ ಮೇಲೆಯೇ ಕುಳಿತಿದೆ, ಮನೆಯಲ್ಲಿ ಹೆರಿಗೆಯಾದರೆ ತಾಯಿ ಉಳಿಯುವುದಿಲ್ಲವೆಂದು ಧ್ವನಿಪರೀಕ್ಷೆಯಿಂದ ತಿಳಿಯಿತು. ಜೊತೆಗೆ ಬಂದಿದ್ದ ಹಿರಿಯ ಬಂಧುಗಳೊಬ್ಬರು ಎಲ್ಲವನ್ನೂ ಕೇಳಿಕೊಂಡ ಮೇಲೆ, ದನಿ ತಗ್ಗಿಸಿ, “ಗಂಡೋ, ಹೆಣ್ಣೋ?” ಎಂದು ವಿಚಾರಿಸಿದರು. ಯಂತ್ರದ ಮುಂದಿದ್ದ ವೈದ್ಯೆ ತಲೆಯೆತ್ತದೆ ಗೋಡೆಯ ಮೇಲಿನ ಫಲಕವನ್ನು ತೋರಿಸಿದರು. ನಾನು ಆ ಬಂಧುಗಳಿಗೆ ಏನೂ ಹೇಳಲಿಲ್ಲ. ಆಗ ನನಗೂ ತಿಳಿಯುವ ಕುತೂಹಲವಿತ್ತೆಂಬುದನ್ನು ಇಂದು ಒಪ್ಪಿಕೊಳ್ಳುತ್ತೇನೆ. ಎರಡು ತಿಂಗಳ ಮೇಲೆ ಅಲ್ಲಿಯೇ ಶಸ್ತ್ರಕ್ರಿಯೆಯಿಂದ ಹೆರಿಗೆಯಾಯಿತು. ಮಗುವು ಈ ಲೇಖನದ ಆರಂಭದಲ್ಲಿ ಪ್ರಶ್ನೆ ಕೇಳಿದವಳೇ.

ಅವಳೀಗ ಒಂದು ಪಟ್ಟಣದ ಆಸ್ಪತ್ರೆಯಲ್ಲಿ ಕ್ಷಕಿರಣದ ಚಿತ್ರಗಳನ್ನು ತೆಗೆಯುವ ಕೆಲಸದಲ್ಲಿದ್ದಾಳೆ. ಗರ್ಭಿಣಿಯರು ಬಂದ ದಿನ ಮಂಚದ ಮೇಲೆ ಮಲಗಿಸಿ, ಹೊಟ್ಟೆಗೆ ಲೋಳೆ ಬಳಿದು, ಉಪಕರಣವನ್ನು ವೈದ್ಯರ ಕೈಗೆ ಕೊಟ್ಟು, ತಾನು ಪಕ್ಕದ ಮೇಜಿನಲ್ಲಿ ಕುಳಿತು ಫಾರಂ ಎಫ್‌ಗೆ ಬೇಕಾದ ವಿವರಗಳನ್ನು ಕೇಳಿ ಬರೆದುಕೊಳ್ಳುತ್ತಾಳೆ. ಅದರಲ್ಲಿ ತಾಯಿಯ ಮಕ್ಕಳ ಸಂಖ್ಯೆಯನ್ನು, ಗಂಡೆಷ್ಟು ಹೆಣ್ಣೆಷ್ಟು ಎಂದು, ಬೇರೆ ಬೇರೆಯಾಗಿ ಬರೆಯಬೇಕಂತೆ.